ಉಪಕರಣಕ್ಕೆ ಸರ್ಕಾರದ ಅನುದಾನ: ಕೊಟೇಶನ್ನಿನಿಂದ ಶುರು ಮಾಡಬೇಡಿ

ಅರ್ಜಿ ಕರೆದಾಗಲೆಲ್ಲ ಧಾರವಾಡದ ಕಾಲೇಜುಗಳಲ್ಲಿ ಒಂದೇ ನಾಟಕ. ಕೊನೆಯ ದಿನಕ್ಕೆ ಇನ್ನು ಹತ್ತು ದಿನ ಅನ್ನುವಾಗ ಪ್ರಾಚಾರ್ಯರು ವಿಭಾಗದ ಮುಖ್ಯಸ್ಥರನ್ನು ಕರೆದು "ಏನಾರ ಒಂದು ಹಾಕ್ರಿ" ಅನ್ನುತ್ತಾರೆ. ಮುಖ್ಯಸ್ಥರು ಉಪಕರಣ ಮಾರುವ ಏಜೆಂಟನಿಗೆ ಫೋನ್ ಮಾಡುತ್ತಾರೆ. ಅವನು ಮರುದಿನವೇ ಬ್ಯಾಗು ಹಿಡಿದು ಬಂದು, "ಸರ್, ಎಲ್ಲಾ ನಾವ ಬರದ್ ಕೊಡ್ತೀವ್ರಿ, ನೀವ್ ಸಹಿ ಅಷ್ಟ ಮಾಡ್ರಿ" ಅನ್ನುತ್ತಾನೆ. ಅರ್ಜಿ ಅಲ್ಲಿಗೇ ಸತ್ತಂತೆ. ನಾನು ರಸಾಯನಶಾಸ್ತ್ರದ ಮೇಷ್ಟ್ರು. ಇಂಥ ಅರ್ಜಿ ಬರೆದಿದ್ದೇನೆ, ಬೇರೆಯವರದನ್ನು ತಿದ್ದಿದ್ದೇನೆ, ಏಜೆಂಟನ ಮಾತಿಗೆ ಒಮ್ಮೆ ನಾನೂ ಬಿದ್ದಿದ್ದೇನೆ.

ಮೊದಲು ಯೋಜನೆ ಆರಿಸಿ. ಸ್ನಾತಕೋತ್ತರ ವಿಭಾಗವಾದರೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) 2000ರಲ್ಲಿ ಶುರು ಮಾಡಿದ ಫಿಸ್ಟ್ ಯೋಜನೆ ಇದೆ. ಪದವಿ ಕಾಲೇಜಾದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಸ್ಟಾರ್ ಕಾಲೇಜ್ ಯೋಜನೆ ನೋಡಿ. ನಮ್ಮ ರಾಜ್ಯ ಸರ್ಕಾರದ ವಿಜ್ಞಾನ ತಂತ್ರಜ್ಞಾನ ವಿಷನ್ ಗ್ರೂಪ್ (ವಿಜಿಎಸ್‌ಟಿ) ಕೊಡುವ ಕೆ-ಫಿಸ್ಟ್ ಕೂಡ ಇದೆ. ಮೊದಲ ಸಲ ಹಾಕುವವರು ರಾಜ್ಯದ್ದರಿಂದಲೇ ಶುರು ಮಾಡಿ ಅನ್ನುವುದು ನನ್ನ ಹಟ. ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಎಸ್‌ಇಆರ್‌ಬಿ ಈಗ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಒಳಗೆ ಸೇರಿಹೋಗಿದೆ. ಕಪಾಟಿನಲ್ಲಿರುವ ಅದರ ಹಳೆ ಫಾರ್ಮುಗಳನ್ನು ರದ್ದಿಗೆ ಹಾಕಿ.

ಕಾಗದಪತ್ರ: ಯುಜಿಸಿಯ 2(ಎಫ್) (ಕಾಲೇಜಿಗೆ ಮಾನ್ಯತೆ) ಮತ್ತು 12(ಬಿ) (ಕೇಂದ್ರದ ಅನುದಾನಕ್ಕೆ ಅರ್ಹತೆ) ಪತ್ರ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಪ್ರಮಾಣಪತ್ರ, ಸಿಬ್ಬಂದಿ ಪಟ್ಟಿ, ಐದು ವರ್ಷದ ಪ್ರಕಟಣೆಗಳು. ಒಂದು ಫೈಲು ಮಾಡಿ ಸದಾ ಇಟ್ಟಿರಿ.

ಇನ್ನು ಉಪಕರಣದ ಪಟ್ಟಿ. ಎಲ್ಲರೂ ಕೆಡಿಸುವುದು ಇದನ್ನೇ. ಮೊದಲು ಒಂದು ಬಿಳಿ ಹಾಳೆ ತಗೊಂಡು, ಯಾವ ಮಷಿನ್ ಹೆಸರೂ ಇಲ್ಲದೆ, ನಿಮ್ಮ ಪ್ರಶ್ನೆ ಬರೆಯಿರಿ. ಅರ್ಜಿ ಇಂಗ್ಲಿಷಿನಲ್ಲೇ ಹೋಗುತ್ತದೆ, ಆದರೆ ಈ ಹಾಳೆಯನ್ನು ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ಸುಮ್ನೆ ದೊಡ್ಡ ದೊಡ್ಡ ಪದ ಬಂದು ಕೂರುತ್ತವೆ, ಕೆಲಸ ಏನು ಅಂತ ನಮಗೇ ಮರೆಯುತ್ತದೆ.

ಹಾವೇರಿ ಕಡೆಯ ಒಂದು ವಿಭಾಗ ಬ್ಯಾಡಗಿ ಮೆಣಸಿನಕಾಯಿ ಮೇಲೆ ಕೆಲಸ ಮಾಡಬೇಕು ಅಂದುಕೊಳ್ಳೋಣ. "ಕೋಲ್ಡ್ ಸ್ಟೋರೇಜಿನಲ್ಲಿ ಆರು ತಿಂಗಳು ಇಟ್ಟರೆ ಕಾಯಿಯ ಬಣ್ಣ ಎಷ್ಟು ಇಳಿಯುತ್ತದೆ?" ಇದು ಪ್ರಶ್ನೆ. ಇದಕ್ಕೆ ಏಜೆಂಟ್ ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಮಷಿನ್ ತೋರಿಸುತ್ತಾನೆ. ಬೇಕಿಲ್ಲ! ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರನ್ನು 460 ನ್ಯಾನೊಮೀಟರಿನ ಬೆಳಕಿನಲ್ಲಿ ಓದಿದರೆ ಒಟ್ಟು ಬಣ್ಣದ ಲೆಕ್ಕ ಸಿಗುತ್ತದೆ. ಮಸಾಲೆ ವ್ಯಾಪಾರದವರು ಆಸ್ಟಾ ಅಂತ ಹೇಳುವುದು ಇದನ್ನೇ. "ಇಳಿದದ್ದು ಕಾಯಿಯ ಮುಖ್ಯ ಕೆಂಪು ಬಣ್ಣವಾದ ಕ್ಯಾಪ್ಸಾಂಥಿನ್ನೋ, ಬೇರೆ ಬಣ್ಣವೋ?" ಅಂತ ಕೇಳಿದರೆ ಮಾತ್ರ ಬಣ್ಣಗಳನ್ನು ಬೇರೆ ಬೇರೆ ಮಾಡುವ ಎಚ್‌ಪಿಎಲ್‌ಸಿ ಬೇಕು. ಈ ಎರಡನೇ ಪ್ರಶ್ನೆ ನಿಮ್ಮದಾಗಿದ್ದರೆ ಅದನ್ನು ಹೀಗೇ ಬರೆಯಿರಿ. "ಉನ್ನತ ಮಟ್ಟದ ಸಂಶೋಧನೆಗೆ ಅತ್ಯಗತ್ಯ" ಅಂತ ಬರೆದರೆ ಅರ್ಜಿ ಪರಿಶೀಲಿಸುವ ಸಮಿತಿಯವರು ಓದುವುದೂ ಇಲ್ಲ.

ಆಮೇಲೆ ಗಂಟೆ ಲೆಕ್ಕ. ವಾರಕ್ಕೆ 30 ಸ್ಯಾಂಪಲ್, ಒಂದಕ್ಕೆ 40 ನಿಮಿಷ, ಅಂದರೆ 20 ಗಂಟೆ. ಈ ಒಂದು ಸಾಲು ನಾಲ್ಕು ಪುಟದ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಲೆಕ್ಕ ವಾರಕ್ಕೆ ಎರಡು ಗಂಟೆ ಬಂದರೆ ಆ ಮಷಿನ್ ಕೇಳಲೇಬೇಡಿ. ಧಾರವಾಡದ ಪಾವಟೆ ನಗರದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಸೈಫ್ ಅನ್ನುವ, ಹೊರಗಿನವರಿಗೂ ತೆರೆದ ಉಪಕರಣ ಕೇಂದ್ರವಿದೆ. ಅಲ್ಲಿ ಶುಲ್ಕ ಕಟ್ಟಿ ಸ್ಯಾಂಪಲ್ ಮಾಡಿಸಬಹುದು. ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಅಂತ ಐ-ಸ್ಟೆಮ್ ಪೋರ್ಟಲ್ಲಿನಲ್ಲಿ ಹುಡುಕಬಹುದು. "ನಿಮ್ಮೂರಲ್ಲೇ ಇದೆಯಲ್ಲ, ಮತ್ತೆ ನಿಮಗ್ಯಾಕೆ?" ಅಂತ ಸಮಿತಿ ಕೇಳುತ್ತದೆ. ಉತ್ತರವನ್ನು ಅರ್ಜಿಯಲ್ಲೇ ಬರೆದಿಡಿ.

ಈಗ ಕೊಟೇಶನ್. ಮೂರು ಕಂಪನಿಯಿಂದ ನೀವೇ ತರಿಸಿ. ಒಬ್ಬನೇ ಏಜೆಂಟ್ ಮೂರು ಲೆಟರ್‌ಹೆಡ್ಡಿನಲ್ಲಿ ತಂದುಕೊಟ್ಟ ಕೊಟೇಶನ್ ನೋಡಿದ್ದೇನೆ. ಮೂರರಲ್ಲೂ ಒಂದೇ ಕಾಗುಣಿತದ ತಪ್ಪು. ದರದ ಕೆಳಗಿನ ಸಣ್ಣ ಅಕ್ಷರ ಓದಿ. ಸಾಗಣೆ, ಇನ್‌ಸ್ಟಾಲೇಶನ್, ಯುಪಿಎಸ್, ಕಂಪ್ಯೂಟರ್ ಸೇರಿದೆಯಾ? ಡಾಲರಿನಲ್ಲಿದ್ದರೆ ಯಾವ ದಿನದ ದರ? ಜಿಎಸ್‌ಟಿಯಲ್ಲೇ ಎಷ್ಟೋ ಮಂದಿ ಮುಗ್ಗರಿಸುತ್ತಾರೆ. ಸಂಶೋಧನಾ ಸಂಸ್ಥೆಗಳಿಗೆ ಇದ್ದ ಶೇ 5ರ ರಿಯಾಯಿತಿ 2022ರ ಜುಲೈ 18ಕ್ಕೆ ಹೋಯಿತು. ಇಂಥ ಮಷಿನ್ನುಗಳಿಗೆ ಈಗ ಶೇ 18. ಹಳೆ ಅರ್ಜಿ ನಕಲು ಮಾಡುವವರು 5ನ್ನೇ ಹಾಕುತ್ತಾರೆ. 20 ಲಕ್ಷದ ಮಷಿನ್ನಿಗೆ 21 ಲಕ್ಷ ಅಂತ ಬರೆದಿರುತ್ತೀರಿ, ಬಿಲ್ಲು ಬರುವುದು 23.6 ಲಕ್ಷಕ್ಕೆ. ಆ 2.6 ಲಕ್ಷವನ್ನು ಆಡಳಿತ ಮಂಡಳಿಯ ಮುಂದೆ ನಿಂತು ಕೇಳುವುದು ಹೇಗಿರುತ್ತದೆ ಅಂತ ಯೋಚಿಸಿ.

ಮಷಿನ್ ಕೂರುವ ಕೋಣೆಯ ವಿಚಾರ. ಏಜೆಂಟನ ಮಾತಿಗೆ ಬಿದ್ದೆ ಅಂದೆನಲ್ಲ, ಅದು ಎಫ್‌ಟಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ವಸ್ತು ಗುರುತಿಸುವ ಮಷಿನ್) ಕಥೆ. ಬೇಸಿಗೆಯಲ್ಲಿ ಬಂತು, ಚಂದ ಓಡಿತು. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತು. ಆ ಮಷಿನ್ನಿನಲ್ಲಿ ಬೆಳಕನ್ನು ಎರಡಾಗಿ ಸೀಳುವ ಬೀಮ್ ಸ್ಪ್ಲಿಟರ್ ಪೊಟ್ಯಾಸಿಯಂ ಬ್ರೋಮೈಡಿನದು. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವ ಹಾಗೆ ಅದೂ ತೇವ ಹೀರುತ್ತದೆ. ಒಳಗಿನ ಸಿಲಿಕಾ ಜೆಲ್ ತೇವ ತುಂಬಿ ನೀಲಿಯಿಂದ ಗುಲಾಬಿಗೆ ತಿರುಗಿದ್ದನ್ನು ಯಾರೂ ನೋಡಲಿಲ್ಲ. ಪ್ರತಿ ಗ್ರಾಫಿನಲ್ಲೂ ತರಂಗಸಂಖ್ಯೆ 3400ರ ಹತ್ತಿರ ನೀರಿನ ಉಬ್ಬು. ಆಮೇಲೆ ಸ್ಪ್ಲಿಟರ್ರೇ ಮಂಜಾಯಿತು. ಡಿಹ್ಯೂಮಿಡಿಫೈಯರ್ ಅರ್ಜಿಯಲ್ಲಿ ಇರಲೇ ಇಲ್ಲ. ಅದಕ್ಕೇ ಹೇಳುತ್ತೇನೆ: ಎಸಿ, ಡಿಹ್ಯೂಮಿಡಿಫೈಯರ್, ಅರ್ಥಿಂಗ್, ಯುಪಿಎಸ್ ಎಲ್ಲ ಪಟ್ಟಿಯಲ್ಲೇ ಬರಲಿ. ವಾರಂಟಿ ಮುಗಿದ ಮೇಲಿನ ವಾರ್ಷಿಕ ನಿರ್ವಹಣಾ ಒಪ್ಪಂದದ (ಎಎಂಸಿ) ಹಣ ಯಾರು ಕಟ್ಟುತ್ತಾರೆ ಅಂತ ಬರೆಯಿರಿ. ಅಗ್ಗದ ಸ್ಟೆಬಿಲೈಸರ್ ಮಾತ್ರ ತರಬೇಡಿ, ಕರೆಂಟ್ ಹೋದಾಗ ಒಂದು ಕ್ಷಣವೂ ತಡೆಯಾಗದ ಆನ್‌ಲೈನ್ ಯುಪಿಎಸ್ಸೇ ಬೇಕು.

ಸಂಸ್ಥೆಯ ಒಪ್ಪಿಗೆ ಪತ್ರಕ್ಕೆ ಸಹಿ ಮೊದಲ ವಾರವೇ ಮಾಡಿಸಿ. ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಯಾವಾಗ ಊರಲ್ಲಿರುತ್ತಾರೋ ಹೇಳಲಾಗದು. ಅಪ್‌ಲೋಡ್ ಎರಡು ದಿನ ಮುಂಚೆ. ಕೊನೆಯ ರಾತ್ರಿ ಹನ್ನೊಂದಕ್ಕೆ ಪಿಡಿಎಫ್ ಗಾತ್ರ ಇಳಿಸುತ್ತ ಕೂತವರ ಮುಖ ನೋಡಿದ್ದೇನೆ.

ಸಮಿತಿ ಮುಂದೆ ಕರೆದರೆ ಮಷಿನ್ ನಡೆಸುವ ಮೇಷ್ಟ್ರೇ ಮಾತಾಡಲಿ, ಪ್ರಾಚಾರ್ಯರಲ್ಲ.

ಮಂಜೂರಾದ ಮೇಲೆ ಖರೀದಿ ನಿಯಮದ ಪ್ರಕಾರ ನಡೆಯಬೇಕು. ಮೊದಲು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ಲಿನಲ್ಲಿ ಹುಡುಕಿ. ಅಲ್ಲಿ ಸಿಗದಿದ್ದರೆ ಸಿಗಲಿಲ್ಲ ಅನ್ನುವ ವರದಿಯನ್ನು ಅಲ್ಲೇ ತೆಗೆದು ಫೈಲಿಗೆ ಹಾಕಿ. ಟೆಂಡರಿನಲ್ಲಿ ಬ್ರ್ಯಾಂಡಿನ ಹೆಸರು ಬರೆಯಬೇಡಿ, ಯಾವ ಗುಣ ಬೇಕೋ ಅದನ್ನು ಬರೆಯಿರಿ. ಮಷಿನ್ ಬಂದ ದಿನವೇ ಬಾಳಿಕೆಯ ವಸ್ತುಗಳನ್ನು ಬರೆದಿಡುವ ಡೆಡ್ ಸ್ಟಾಕ್ ರಿಜಿಸ್ಟರಿಗೆ ಏರಿಸಿ. ಕೇಂದ್ರದ ಹಣಕ್ಕೆ, ಅದು ಹೇಗೆ ಖರ್ಚಾಯಿತು ಅನ್ನುವ ಯುಟಿಲೈಸೇಶನ್ ಸರ್ಟಿಫಿಕೇಟ್ ಕೇಂದ್ರದ ಹಣಕಾಸು ನಿಯಮಗಳ (ಜಿಎಫ್ಆರ್) 12-ಎ ನಮೂನೆಯಲ್ಲೇ ಹೋಗಬೇಕು. ಆ ಹಣಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಬಂದಿದ್ದರೆ ಅದು ನಿಮ್ಮದಲ್ಲ, ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಬಡ್ಡಿ ಸಾವಿರ ರೂಪಾಯಿಯೇ ಇರಲಿ, ಅದನ್ನು ಮರೆತರೆ ಮುಂದಿನ ಕಂತು ನಿಲ್ಲಬಹುದು. ಮಷಿನ್ ಪಕ್ಕ ದಾರ ಕಟ್ಟಿದ ಪೆನ್ನಿನ ಜೊತೆ ಲಾಗ್ ಬುಕ್ ಇಡಿ. ದಾರ ಇಲ್ಲದಿದ್ದರೆ ಸಂಜೆಯೊಳಗೆ ಪೆನ್ನು ಮಾಯವಾಗುತ್ತದೆ, ಬುಕ್ಕು ಖಾಲಿ ಇರುತ್ತದೆ.