ಒರಿಜಿನಲ್ ಎಲ್ಲಿದೆ?

ನನ್ನ ಸ್ಟುಡಿಯೋಗೆ ಬರುವ ಕೆಟ್ಟ ಆಡಿಯೋ ಬಹುಪಾಲು ವಾಟ್ಸಾಪ್‌ನಲ್ಲೇ ಬರುತ್ತದೆ. ಜೊತೆಗೆ "ಸ್ವಲ್ಪ ಕ್ಲೀನ್ ಮಾಡಿ ಕೊಡಿ ಸಾರ್" ಎಂಬ ಮಾತೂ ಇರುತ್ತದೆ. ಸಾಫ್ಟ್‌ವೇರ್ ತೆರೆಯುವ ಮೊದಲು ನಾನು ಕೇಳುವುದು ಒಂದೇ: ಇದರ ಒರಿಜಿನಲ್ ಎಲ್ಲಿದೆ? ಎಷ್ಟೋ ಸಲ ಅರ್ಧ ರಿಪೇರಿ ಅಲ್ಲೇ ಮುಗಿಯುತ್ತದೆ.

ವಾಯ್ಸ್ ಮೆಸೇಜ್‌ನಲ್ಲಿ ಹಾಡಿ ಕಳಿಸಿದ್ದನ್ನು ಸ್ಪೆಕ್ಟ್ರಮ್‌ನಲ್ಲಿ (ಯಾವ ಮಟ್ಟದಲ್ಲಿ ಎಷ್ಟು ದನಿ ಇದೆ ಎಂದು ತೋರಿಸುವ ಚಿತ್ರ) ನೋಡಿದರೆ 8 ಕಿಲೋಹರ್ಟ್ಸ್‌ನಿಂದ ಮೇಲೆ ಸಾಮಾನ್ಯವಾಗಿ ಖಾಲಿ. ಇಲ್ಲದ್ದನ್ನು ಈಕ್ಯೂ (ಬಾಸ್, ಟ್ರೆಬಲ್ ಏರಿಳಿಸುವ ಸಾಧನ) ತಿರುಗಿಸಿ ತರಲು ಆಗುವುದಿಲ್ಲ. ಫ್ಯಾನ್ ಆಫ್ ಮಾಡಿ, ಫೋನಿನ ರೆಕಾರ್ಡರ್‌ನಲ್ಲೇ ಹಾಡಿ, ಆ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನುತ್ತೇನೆ. ಲೆವೆಲ್ ಮೀರಿ ಒಡೆದ ದನಿಗೂ ಇದೇ ಮಾತು. ಒಡೆದ ದನಿ ಸರಿಮಾಡುವ ಡಿಕ್ಲಿಪ್ ಹಾಕಿ ಒಂದೆರಡು ಅಕ್ಷರ ಉಳಿಸಬಹುದು, ಇಡೀ ಪಲ್ಲವಿಯನ್ನಲ್ಲ. ಹಾಡಿದವರು ಇದ್ದಾರಲ್ವಾ, ಇನ್ನೊಮ್ಮೆ ಹಾಡಿಸಿ.

ಹಾಡಿದವರೇ ಈಗ ಇಲ್ಲ ಎಂದಾಗ ವಿಷಯ ಬೇರೆ.

ಕುಂದಾಪುರದ ಕಡೆಯವರೊಬ್ಬರು ತಮ್ಮ ಅಪ್ಪ ಭಾಗವತಿಕೆ ಮಾಡಿದ ತಾಳಮದ್ದಲೆಯ ಎಂಪಿ3 ಕಳಿಸಿದ್ದರು. ಟೇಪ್‌ರೆಕಾರ್ಡರ್ ಮುಂದೆ ಮೊಬೈಲ್ ಇಟ್ಟು ಹಿಡಿದದ್ದು. ಮಧ್ಯೆ ಮಿಕ್ಸಿ ಸದ್ದೂ ಇತ್ತು. ಕ್ಯಾಸೆಟ್ ಇದೆಯಾ ಅಂತ ಕೇಳಿದೆ. "ಉಂಟು ಸಾರ್, ಆದ್ರೆ ಫಂಗಸ್ ಹಿಡಿದಿದೆ." ಉಂಟಲ್ಲ, ಅಷ್ಟು ಸಾಕು ಎಂದೆ.

ಫಂಗಸ್ ಇರುವ ಟೇಪನ್ನು ಹಾಗೇ ಡೆಕ್‌ಗೆ ಹಾಕಬಾರದು, ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಒಣಗಿಸಿ, ಮೆಲ್ಲಗೆ ಒರೆಸಿ, ಸ್ಕ್ರೂ ಇರುವ ಬೇರೆ ಶೆಲ್‌ಗೆ ಟೇಪನ್ನು ಬದಲಾಯಿಸಿದೆ. ಹಳೆಯ ಶೆಲ್‌ನಲ್ಲಿ ಟೇಪನ್ನು ದನಿ ಓದುವ ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಬಿದ್ದೇ ಹೋಗಿತ್ತು. ಆಮೇಲೆ ಅಜಿಮತ್, ಅಂದರೆ ಟೇಪಿಗೆ ಹೆಡ್ ನೇರವಾಗಿ ನಿಂತಿರುವ ಕೋನ. ಕ್ಯಾಸೆಟ್ ಟೇಪು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ. ಅಷ್ಟು ನಿಧಾನವಾದ್ದರಿಂದ ಹೆಡ್ ಕೂದಲೆಳೆಯಷ್ಟು ಓರೆಯಾದರೂ ತಾಳದ ಝಣ ಝಣ ಮಂಕಾಗುತ್ತದೆ. ಮೋನೋದಲ್ಲಿ ಕೇಳುತ್ತಾ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಚೂರು ಚೂರೇ ತಿರುಗಿಸಿದೆ. ಒಂದು ಕಡೆ ಥಟ್ಟನೆ ಮಾತಿನ "ಸ", "ಶ" ಬಿಡಿಸಿ ಕೇಳಿಸಿತು. ಇದನ್ನು ಸಾಫ್ಟ್‌ವೇರಿನ ಯಾವ ಪ್ಲಗಿನ್ನೂ ಕೊಡುವುದಿಲ್ಲ.

ಮುಂದೆ ಸ್ಪೀಡ್. ರೆಕಾರ್ಡ್ ಮಾಡುವಾಗ ಟೇಪಿಗೆ ಸೇರಿಕೊಂಡ ಕರೆಂಟಿನ ಹಮ್ (ಗುಂಯ್ ಎನ್ನುವ ಸದ್ದು) ಇಲ್ಲಿ ಸಹಾಯಕ್ಕೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಹಮ್ 52ರಲ್ಲಿ ಕಂಡರೆ ಟೇಪು ಶೇ 4ರಷ್ಟು ಜೋರಾಗಿ ಓಡುತ್ತಿದೆ ಎಂದು ಲೆಕ್ಕ. ಆದರೆ ಹಳೆಯ ಕರೆಂಟನ್ನು ಪೂರಾ ನಂಬುವ ಹಾಗಿಲ್ಲ. 1990ರ ದಶಕದಲ್ಲಿ ಲೋಡು ಜಾಸ್ತಿಯಾದಾಗ ನಮ್ಮ ದಕ್ಷಿಣದ ಗ್ರಿಡ್ 49ಕ್ಕಿಂತ ಕೆಳಗೂ ಇಳಿಯುತ್ತಿತ್ತು. ಅದಕ್ಕೆ ಮಗನನ್ನೇ ಕೇಳಿದೆ, ಅಪ್ಪನ ಶ್ರುತಿ ಯಾವುದು? "ಕಪ್ಪು ಎರಡು" ಅಂತ ಥಟ್ಟನೆ ಹೇಳಿದರು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆ. ಟೇಪಿನಲ್ಲಿ ಶ್ರುತಿ ಅದಕ್ಕಿಂತ ಅರ್ಧ ಸ್ವರ ಮೇಲೆ, ಬಿಳಿ ಮೂರರ ಹತ್ತಿರ ಇತ್ತು. ಇಳಿಸಿ ಕೇಳಿಸಿದೆ. "ಹೌದು, ಇದು ಅಪ್ಪನ ಸ್ವರ" ಎಂದರು. ಅಲ್ಲಿಯವರೆಗೆ ಯಾರೋ ಸಣ್ಣ ಪ್ರಾಯದವರ ಹಾಗೆ ಕೇಳುತ್ತಿತ್ತು.

ಕ್ಲೀನಿಂಗ್ ಮಾಡಿದ್ದು ಇಷ್ಟೆಲ್ಲ ಆದ ಮೇಲೆ, ಅದೂ ಕಮ್ಮಿ. ಹಮ್ ಮತ್ತು ಅದರ ಮೇಲಿನ 100, 150 ಹರ್ಟ್ಸ್‌ನ ಗೆರೆಗಳನ್ನು ತೆಗೆದೆ. ಟಿಕ್ ಟಿಕ್ ಸದ್ದು ತೆಗೆಯುವ ಡಿಕ್ಲಿಕ್ ಅನ್ನು ಇಡೀ ಫೈಲ್‌ಗೆ ಹಾಕಲಿಲ್ಲ. ಚೆಂಡೆಯ ಪೆಟ್ಟೂ ಅದರ ಕಣ್ಣಿಗೆ ಕ್ಲಿಕ್ಕೇ, ಹೊಡೆತದ ತುದಿಯನ್ನೇ ತಿಂದುಬಿಡುತ್ತದೆ. ನಿಜವಾದ ಕ್ಲಿಕ್ ಇದ್ದಲ್ಲಿ ಮಾತ್ರ ಕೈಯಿಂದ ಒಂದೊಂದಾಗಿ ಸರಿಮಾಡಿದೆ. ಟೇಪಿನ ಸುಸ್ ಎನ್ನುವ ಸದ್ದನ್ನು, ಅಂದರೆ ಹಿಸ್ ಅನ್ನು, ಸ್ವಲ್ಪ ತಗ್ಗಿಸಿ ಬಿಟ್ಟೆ. ಪೂರ್ತಿ ತೆಗೆಯಲು ಹೋದರೆ ದನಿ ನೀರೊಳಗಿಂದ ಬಂದ ಹಾಗಾಗುತ್ತದೆ. ಹಿಸ್ ಇದ್ದರೂ ಅರ್ಥಗಾರಿಕೆಯ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತದೆ. ನನಗೆ ಅದು ಮುಖ್ಯ.

ಇಂಥ ಕೆಲಸಕ್ಕೆ ರೇಟು ಹೇಳುವ ಮೊದಲು ಒಂದು ನಿಮಿಷದ ಸ್ಯಾಂಪಲ್ ಮಾಡಿ ಕಳಿಸುತ್ತೇನೆ. ಅವರ ಫೋನಿನಲ್ಲೇ ಕೇಳಿ ನೋಡಲಿ, ಸಾಕು ಅನಿಸಿದರೆ ಮುಂದಿನ ಮಾತು. ಕೊನೆಗೆ ಕೊಡುವುದು ಎರಡು ಫೈಲ್: ಕ್ಲೀನ್ ಮಾಡಿದ್ದು ಒಂದು, ಟೇಪಿನಿಂದ ಬಂದ ಹಾಗೇ ಇರುವ 24 ಬಿಟ್, 96 ಕಿಲೋಹರ್ಟ್ಸ್‌ನ ವೇವ್ ಇನ್ನೊಂದು. ಕ್ಯಾಸೆಟ್ಟನ್ನೂ ವಾಪಸ್ ಕೊಟ್ಟು, ಎಸೆಯಬೇಡಿ, ತೇವ ಇಲ್ಲದ ಕಡೆ ಇಡಿ ಎಂದು ಡಬ್ಬಿಯ ಮೇಲೇ ಬರೆದಿರುತ್ತೇನೆ.