ನೀಲಿ ನಾಲಿಗೆ ರೋಗ: ಕುರಿಹಟ್ಟಿಯ ಹಿಂದಿನ ಕೊಚ್ಚೆಯಿಂದಲೇ ಶುರು ಮಾಡಿ

ಕುರಿಹಟ್ಟಿಯ ಹಿಂದೆ ಒಂದು ಸುತ್ತು ಹೋಗಿ ಬನ್ನಿ. ತೊಟ್ಟಿ ಸೋರಿ, ಹಿಕ್ಕೆ, ಗಂಜಲ ಬೆರೆತು ಕೊಚ್ಚೆಯಾದ ಜಾಗ ಒಂದಾದರೂ ಸಿಗುತ್ತದೆ. ಅದರ ಅಂಚಿನಿಂದ ಒಂದು ಚಮಚ ಕೆಸರು ತೆಗೆದು, ಗಾಜಿನ ಲೋಟದಲ್ಲಿ ಗಟ್ಟಿ ಉಪ್ಪುನೀರಿಗೆ ಹಾಕಿ ಕಲಕಿ. ಬಿಳಿ ದಾರದ ಚೂರಿನಂಥ ಮರಿಹುಳ ಹಾವಿನ ಹಾಗೆ ಬಳುಕುತ್ತಾ ಮೇಲೆ ಬಂತಾ? ನೀಲಿ ನಾಲಿಗೆ ರೋಗ ಹರಡುವ ಹುಳ ಅಲ್ಲೇ ಸಂಸಾರ ಹೂಡಿರಬಹುದು.

ಮರಿಹುಳ ಬೆಳೆದು ಆಗುವ ಈ ಹಾರುವ ಹುಳದ ಹೆಸರು ಕ್ಯುಲಿಕಾಯ್ಡಿಸ್. 1ರಿಂದ 3 ಮಿಲಿಮೀಟರ್ ಅಷ್ಟೇ. ಸೊಳ್ಳೆಪರದೆಯ ಕಣ್ಣಲ್ಲೂ ತೂರುತ್ತದೆ, ಹಾಗಾಗಿ ಸುಮ್ನೆ ಪರದೆಗೆ ದುಡ್ಡು ಸುರಿಯಬೇಡಿ. ಕಚ್ಚುವುದು ಹೆಣ್ಣು ಹುಳ ಮಾತ್ರ, ಅದೂ ಹೆಚ್ಚಾಗಿ ಮುಸ್ಸಂಜೆ ಮತ್ತು ನಸುಕಿನಲ್ಲಿ.

ಈ ರೋಗ ತರುವುದು ಒಂದು ವೈರಸ್, ಹುಳ ಕಚ್ಚಿದಾಗ ಅದು ಕುರಿಯ ಮೈಗೆ ಇಳಿಯುತ್ತದೆ. ಹುಳದ ಮೈಯೊಳಗೆ ವೈರಸ್ ಬೆಳೆಯಲು ಬಿಸಿ ಬೇಕು. ಚಳಿ ಜಾಸ್ತಿಯಾದರೆ ಅದು ಬೆಳೆಯುವುದೇ ಇಲ್ಲ. ಚಳಿಯ ದೇಶ ಎಂದುಕೊಂಡಿದ್ದ ನೆದರ್ಲೆಂಡ್ಸ್‌ಗೆ 2006ರಲ್ಲಿ ಈ ರೋಗ ಕಾಲಿಟ್ಟಿತು. ಯುರೋಪಿನಲ್ಲಿ ಅದು ಉತ್ತರಕ್ಕೆ ಹಬ್ಬಲು ಏರುತ್ತಿರುವ ಬಿಸಿಯೂ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ನಮ್ಮ ಬಯಲುಸೀಮೆಗೆ ಅಂಥ ಚಳಿಯ ಕಾವಲು ಮೊದಲೇ ಇಲ್ಲ. ಇಲ್ಲಿ ಲೆಕ್ಕವೆಲ್ಲ ಮಳೆಯದು. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಕಾಟ ಹೆಚ್ಚು. ಆದರೆ ಮಳೆಯೇ ಹೇಳದೆ ಕೇಳದೆ ಬರುವಾಗ ಕ್ಯಾಲೆಂಡರ್ ನಂಬಿ ಕೂತರೆ ಆಗುತ್ತಾ? ಕೊಚ್ಚೆ ನೋಡಿ ಲೆಕ್ಕ ಹಾಕಿ.

ಮೊದಲ ಕೆಲಸ, ಸೋರುವ ತೊಟ್ಟಿ ಸರಿಪಡಿಸುವುದು. ಆಮೇಲೆ ಕೊಚ್ಚೆ ಬಳಿದು, ಮಣ್ಣು ತುಂಬಿ ನೆಲ ಒಣಗಿಸಿ. ತಿಪ್ಪೆ ಹಟ್ಟಿಯಿಂದ ದೂರ ಇರಲಿ. ಕತ್ತಲಾಗುವ ಮುಂಚೆ ಕುರಿ ಒಳಗೆ ಕೂಡಿ, ಬೇವಿನ ಸೊಪ್ಪಿನ ಹೊಗೆ ಹಾಕಿ. ಹೊಗೆ ಹುಳವನ್ನು ಕೊಲ್ಲುವುದಿಲ್ಲ, ಅಷ್ಟು ಹೊತ್ತು ದೂರ ಇಡುತ್ತದೆ.

ಇಷ್ಟು ಮಾಡಿಯೂ ರೋಗ ಬರಬಹುದು. ಜೋರು ಜ್ವರ, ಜೊಲ್ಲು, ಊದಿದ ತುಟಿ ಮೊದಲ ಗುರುತು. ನಾಲಿಗೆ ಎಲ್ಲ ಕುರಿಗೂ ನೀಲಿಯಾಗುವುದಿಲ್ಲ, ಹೆಸರು ನೋಡಿ ಮೋಸ ಹೋಗಬೇಡಿ. ಕುರಿ ಕುಂಟುತ್ತಿದ್ದರೆ ಕಾಲೆತ್ತಿ ನೋಡಿ. ಗೊರಸು ಚರ್ಮಕ್ಕೆ ಸೇರುವ ಕಡೆ ಕೆಂಪು ಗೆರೆ ಕಂಡರೆ ಅನುಮಾನ ಪಡಲೇಬೇಕು. ಅಂಥದ್ದನ್ನು ಬೇರೆ ಮಾಡಿ ನೆರಳಲ್ಲಿ ಕಟ್ಟಿ, ಬಿಸಿಲು ಬಿದ್ದರೆ ಇನ್ನೂ ಸೊರಗುತ್ತದೆ. ಬಾಯಿ ಹುಣ್ಣಾಗಿ ಮೇವು ಅಗಿಯಲಾಗದು, ರಾಗಿ ಅಂಬಲಿ ಕುಡಿಸಿ. ಪಶುವೈದ್ಯರಿಗೆ ಅವತ್ತೇ ಹೇಳಿ. ವೈರಸ್ಸಿಗೆ ಔಷಧಿ ಇಲ್ಲ. ಅವರು ಕೊಡುವ ಇಂಜೆಕ್ಷನ್ ಹುಣ್ಣು ಕೀವಾಗದಂತೆ, ಜ್ವರ ಇಳಿಯಲಿ ಅಂತ.

ಲಸಿಕೆ ಇದೆ. ಭಾರತದ್ದು ಇದೇ ವೈರಸ್ಸಿನ ಐದು ಬಗೆಗೆ ಒಟ್ಟಿಗೇ ಹಾಕುವಂಥದ್ದು, ಏಕೆಂದರೆ ಒಂದು ಬಗೆಯ ರಕ್ಷಣೆ ಇನ್ನೊಂದಕ್ಕೆ ಸಾಲದು. ಹುಳದ ಕಾಟ ಏಳುವುದಕ್ಕೆ ಒಂದು ತಿಂಗಳು ಮೊದಲೇ ಹಾಕಿಸಿ. ಗಬ್ಬದ ಕುರಿಗಳಿಗಾದರೆ ವೈದ್ಯರನ್ನು ಕೇಳಿಯೇ.

ಅಂದಹಾಗೆ, ಪಕ್ಕದಲ್ಲಿ ಕಟ್ಟಿದ ಹಸುವಿನ ಮೈಯಲ್ಲೂ ಈ ವೈರಸ್ ವಾರಗಟ್ಟಲೆ ಇರಬಹುದು. ಅದು ಮಾತ್ರ ಏನೂ ಆಗದವರ ಹಾಗೆ ಮೆಲುಕು ಹಾಕುತ್ತಿರುತ್ತದೆ. ಮುಸ್ಸಂಜೆ ಎರಡನ್ನೂ ದೂರದೂರ ಕಟ್ಟಿ.