ರಾಯಚೂರಿನ ಬಿಸಿಲಿನಲ್ಲಿ ರೆಟಿನಾಲ್ ಬಳಸುವ ಕ್ರಮ

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ, ಮೊಡವೆ, ಸುಕ್ಕು ತಗ್ಗಿಸಲು ಮುಖಕ್ಕೆ ಹಚ್ಚುವ, ವಿಟಮಿನ್ ಎ ವರ್ಗದ ರೆಟಿನಾಲ್ ಬಳಸಲು ಹೊಸದಾಗಿ ತೊಡಗುವವರು ಚಳಿಗಾಲದಲ್ಲಿ ಆರಂಭಿಸುವುದೇ ಲೇಸು. ಮೊದಲಿಗೆ ಶೇ. 0.2 ಅಥವಾ 0.3ರ ಕ್ರೀಮ್ ಸಾಕು. ಇದೇ ವರ್ಗದ ಟ್ರೆಟಿನಾಯಿನ್ ಇದಕ್ಕಿಂತ ಪ್ರಬಲವಾದ ಔಷಧವಾದ್ದರಿಂದ, ಅಂಗಡಿಯವರು ಕೇಳಿದೊಡನೆ ಕೊಟ್ಟರೂ, ಚರ್ಮವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳಬಾರದು.

ರಾತ್ರಿ ಮುಖ ತೊಳೆದು, ಚರ್ಮ ಪೂರ್ತಿ ಒಣಗಿದ ಬಳಿಕ, ಬಟಾಣಿ ಕಾಳಿನಷ್ಟು ಕ್ರೀಮನ್ನು ಹಣೆ, ಕೆನ್ನೆ, ಗದ್ದಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಇಟ್ಟು ತೆಳುವಾಗಿ ಹರಡಬೇಕು; ಕಣ್ಣಿನ ರೆಪ್ಪೆ, ಮೂಗಿನ ಪಕ್ಕದ ಸಂದು ಹಾಗೂ ತುಟಿಯ ಅಂಚುಗಳನ್ನು ಬಿಡಬೇಕು. ಮೇಲೆ ಮಾಯಿಶ್ಚರೈಸರ್ ಹಚ್ಚಬೇಕು. ಆರಂಭದಲ್ಲಿ ವಾರಕ್ಕೆರಡು ರಾತ್ರಿ ಸಾಕು. ಚರ್ಮ ಒಗ್ಗಿಕೊಂಡಂತೆ ಹೆಚ್ಚಿಸಬಹುದು. ತುಸು ಸಿಪ್ಪೆ ಏಳುವುದು ಸಹಜ, ಆದರೆ ಕೆಂಪಾಗಿ ಊದಿಕೊಂಡರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮನೆಯಲ್ಲಿ ಹಿರಿಯರು ಎಷ್ಟೇ ಹೇಳಿದರೂ ನಿಂಬೆರಸದ ಲೇಪ ಈ ಅವಧಿಯಲ್ಲಿ ಖಂಡಿತ ಬೇಡ.

ಗರ್ಭಿಣಿಯರು ಮತ್ತು ಗರ್ಭ ಧರಿಸಲು ಬಯಸುವವರು ರೆಟಿನಾಲ್ ಬಳಸಲೇಬಾರದು.

ರೆಟಿನಾಲ್ ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಾಗುವುದರಿಂದ, ಬೆಳಿಗ್ಗೆ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿ, ಹೊಲದಲ್ಲೋ ಬೈಕಿನ ಮೇಲೋ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳಬೇಕು. ಸೆರಗು, ಟವೆಲ್ಲುಗಳ ಮರೆಯೂ ಇರಲಿ. ಫಲ ಕಾಣಲು ಸುಮಾರು ಮೂರು ತಿಂಗಳು ಬೇಕು. ಶಾಖ, ಬೆಳಕು ಮತ್ತು ಗಾಳಿಗೆ ರೆಟಿನಾಲ್ ಸತ್ವ ಕಳೆದುಕೊಳ್ಳುವುದರಿಂದ, ಟ್ಯೂಬನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡದೆ, ಮುಚ್ಚಳ ಬಿಗಿದು, ಮನೆಯ ತಂಪಾದ ಕಪಾಟಿನಲ್ಲಿ ಇಡಬೇಕು.